ನರ್ಸರಿಗೆ ಬೀಜ ಆರಿಸುವ ಮುಂಚೆ ಹಕ್ಕಿ ನೋಡಿ

ಮಲೆನಾಡಿನಲ್ಲಿ ಪಾಳುಬಿದ್ದ ತೋಟ, ಅಕೇಶಿಯಾ ಕಡಿದು ಬಿಟ್ಟ ಗುಡ್ಡ, ಇಂಥ ಕಡೆ ಮತ್ತೆ ಕಾಡು ಎಬ್ಬಿಸುವ ಕೆಲಸ ನನ್ನದು. ಸಸಿ, ಗುಂಡಿ, ಕಳೆ, ಬೇಲಿ ಎಲ್ಲ ಆಮೇಲೆ. ಹೊಸ ಜಾಗ ಕೈಗೆ ಬಂದರೆ ಮೊದಲ ಕೆಲಸ ಬೆಳಗಿನ ಹೊತ್ತು ಸುಮ್ಮನೆ ಕೂತು ಅಲ್ಲಿಗೆ ಯಾವ ಹಕ್ಕಿ ಬರುತ್ತದೆ ಎಂದು ಬರೆದುಕೊಳ್ಳುವುದು. ನರ್ಸರಿಯ ಪಟ್ಟಿ ಹುಟ್ಟುವುದೇ ಆ ಪುಸ್ತಕದಿಂದ.

ಎಷ್ಟು ಜಾತಿ ಕಂಡವು ಎನ್ನುವ ಲೆಕ್ಕವೊಂದೇ ಸಾಲದು. ಬಯಲಾದ ಜಾಗದಲ್ಲೂ ಪಿಕಳಾರ, ಗೊರವಂಕ, ಮಡಿವಾಳ, ಸೂರಕ್ಕಿ ಸೇರಿ ಪಟ್ಟಿ ಉದ್ದವಾಗುತ್ತದೆ. ನಾನು ಹುಡುಕುವುದು ಮಂಗಟ್ಟೆಯನ್ನು (ಹಾರ್ನ್‌ಬಿಲ್), ಕಾಕರಣೆಯನ್ನು (ಟ್ರೋಗನ್), ತರಗೆಲೆ ಕೆದಕುತ್ತ ಪೊದೆಯೊಳಗೇ ಓಡಾಡುವ ಹರಟೆಮಲ್ಲಗಳನ್ನು. ಕಾಡಿನ ನೆರಳು ಬಿಟ್ಟು ಬಾಳಲಾರದ ಹಕ್ಕಿಗಳಿವು.

ಪಿಕಳಾರ ನುಂಗುವುದು ಅದರ ಬಾಯಿಗೆ ಹಿಡಿಸುವಷ್ಟು ಹಣ್ಣನ್ನು. ಅತ್ತಿ, ಗೋಳಿ ಮುಂತಾದ ಸಣ್ಣ ಬೀಜದ ಮರಗಳನ್ನು ಅದು ತಾನಾಗಿಯೇ ತಂದು ಹಾಕುತ್ತದೆ, ಕೂರಲು ಒಂದು ಕೊಂಬೆ ಇದ್ದರೆ ಸಾಕು. ಲಂಟಾನವನ್ನೂ ತರುತ್ತದೆ, ಅದನ್ನು ಕೀಳುವ ಪಾಡು ನಮ್ಮದು. ಆದರೆ ಜಾಯಿಕಾಯಿ ಜಾತಿಯ ಕಾಡುಮರ ರಾಮಪತ್ರೆ, ರಾಳ ಕೊಡುವ ರಾಳಧೂಪ ಇಂಥ ಮರಗಳ ದಪ್ಪ ಬೀಜ ಹೊತ್ತೊಯ್ಯಲು ಮಂಗಟ್ಟೆ ಬೇಕು, ಇಲ್ಲವೇ ಕಾಡಿನ ದೊಡ್ಡ ಪಾರಿವಾಳ. ಮಂಗಟ್ಟೆಗೋ ಗೂಡಿಗೆ ಹಳೇ ಮರದ ದೊಡ್ಡ ಪೊಟರೆಯೇ ಆಗಬೇಕು. ಹೆಣ್ಣು ಒಳಗೆ ಸೇರಿ ಪೊಟರೆಯ ಬಾಯಿ ಮುಚ್ಚಿಕೊಂಡರೆ ತಿಂಗಳುಗಟ್ಟಲೆ ಗಂಡೇ ಹಣ್ಣು ತಂದು ಉಣಿಸಬೇಕು. ಮರ ಹೋದಲ್ಲಿ ಹಕ್ಕಿ ಹೋಯಿತು, ಹಕ್ಕಿ ಹೋದಲ್ಲಿ ಆ ಮರದ ಸಂತಾನವೂ ನಿಂತಿತು. ಬೇಲಿ ಹಾಕಿ ಎಷ್ಟು ವರ್ಷ ಕಾದರೂ ರಾಮಪತ್ರೆ ನಡೆದು ಬರುವುದಿಲ್ಲ.

ಹಾಗಾಗಿ ಹಕ್ಕಿ ತರುವುದನ್ನು ಹಕ್ಕಿಗೇ ಬಿಟ್ಟು, ತರಲಾರದ್ದನ್ನು ನರ್ಸರಿಯಲ್ಲಿ ಬೆಳೆಸುತ್ತೇವೆ. ತಮಿಳುನಾಡಿನ ವಾಲ್ಪಾರೈನಲ್ಲಿ ನೇಚರ್ ಕನ್ಸರ್ವೇಶನ್ ಫೌಂಡೇಶನ್‌ನವರು ಚಹಾ, ಕಾಫಿ ತೋಟಗಳ ನಡುವಿನ ಹಾಳಾದ ಕಾಡಿನ ತುಣುಕುಗಳಲ್ಲಿ ಸ್ಥಳೀಯ ಮರಗಳನ್ನು ನೆಟ್ಟರು. ಮುಂದೆ ಹೋಲಿಸಿ ನೋಡಿದಾಗ, ಸುಮ್ಮನೆ ಬಿಟ್ಟ ತುಣುಕುಗಳಿಗಿಂತ ನೆಟ್ಟು ನೋಡಿಕೊಂಡವುಗಳಲ್ಲಿ ಮಳೆಕಾಡಿನ ಹಕ್ಕಿಗಳು ಚೆನ್ನಾಗಿ ಮರಳಿದ್ದವು. ಮಳೆಯಲ್ಲಿ ಜಿಗಣೆ ಕಚ್ಚಿಸಿಕೊಂಡು ನೆಡುವಾಗ ಇದು ನನಗೆ ದೊಡ್ಡ ಧೈರ್ಯ.

ಕಾಫಿ ತೋಟದವರನ್ನು ನಾನು ಹೊರಗಿಡುವುದಿಲ್ಲ. ಕರ್ನಾಟಕದ ಅರೇಬಿಕಾ, ರೊಬಸ್ಟಾ ತೋಟಗಳಲ್ಲಿ ಕಾಡನ್ನೇ ನೆಚ್ಚಿದ 79 ಜಾತಿಯ ಹಕ್ಕಿಗಳಿವೆ ಎಂದು 2018ರಲ್ಲಿ ಪ್ರಕಟವಾದ ಅಧ್ಯಯನ ಹೇಳಿತು. ಅದು ಹಳೇ ನೆರಳುಮರಗಳ ಪುಣ್ಯ. ಮೆಣಸು ಹಬ್ಬಿಸಲು, ಕಷ್ಟಕ್ಕೆ ಕಡಿದು ಮಾರಲು ಆ ಮರಗಳ ಬದಲು ಸಿಲ್ವರ್ ಓಕ್ ಅನುಕೂಲ ಎಂಬುದು ನನಗೂ ಗೊತ್ತು. ಆದರೂ ಮರಗಸಿಗೆ, ಅಂದರೆ ನೆರಳುಮರದ ಕೊಂಬೆ ಕಡಿಯಲು, ಆಳು ಹತ್ತಿಸುವ ಮುನ್ನ ಪೊಟರೆ ಇರುವ ಮರ, ಗೋಳಿ, ಅತ್ತಿ ಇವುಗಳಿಗೆ ಸುಣ್ಣದ ಗುರುತು ಹಾಕಿಸಿ ಬಿಡಿ ಎಂದು ಪ್ರತಿ ಸಲ ಕೇಳುತ್ತೇನೆ. ತೋಟ ಕಾಡಿಗೆ ಅಂಟಿಕೊಂಡಿದ್ದರೆ ಮಂಗಟ್ಟೆ ಆ ಗೋಳಿಗೆ ಬರುತ್ತದೆ, ಬಂದಾಗ ಹೊಟ್ಟೆಯಲ್ಲಿ ಕಾಡಿನ ಬೀಜವೂ ಇರುತ್ತದೆ.

ರಾಮಪತ್ರೆಯ ಬೀಜಕ್ಕೆ ಸುತ್ತಿಕೊಂಡ ಪತ್ರೆ ಬಿಡಿಸುವ ಮನೆಯವರಲ್ಲಿ ಒಂದು ಕೋರಿಕೆ. ಪತ್ರೆ ನಿಮಗೇ ಇರಲಿ, ಬೀಜ ಎಸೆಯಬೇಡಿ. ಬಿಸಿಲಿಗೆ ಒಣಗಿದರೆ ಅದು ಮೊಳೆಯುವುದಿಲ್ಲ. ಒದ್ದೆ ಗೋಣಿಯಲ್ಲಿ ಸುತ್ತಿ ಬೇಗ ಹತ್ತಿರದ ನರ್ಸರಿಗೆ ಮುಟ್ಟಿಸಿ.