ಕೆಲಸದ ಭಾರಕ್ಕಿಂತ ಕಟ್ಟಿಹಾಕಿದ ಕೈ ಜಾಸ್ತಿ ನೋಯಿಸುತ್ತದೆ

ಹಿಂದಿನ ಕೆಲಸದಲ್ಲಿ ದಿನಕ್ಕೆ ಹತ್ತು ಗಂಟೆ ದುಡಿಯುತ್ತಿದ್ದೆ, ಆದರೂ ರಾತ್ರಿ ತಲೆ ದಿಂಬಿಗೆ ತಾಕಿದರೆ ಸಾಕು, ಗಡದ್ದಾಗಿ ನಿದ್ದೆ. ಅದನ್ನು ಬಿಟ್ಟು ಸೇರಿದ ಕಡೆ ಎಂಟೇ ಗಂಟೆ. ಆದರೆ ಯಾವುದನ್ನು ಮೊದಲು ಮಾಡಬೇಕು, ಹೇಗೆ ಮಾಡಬೇಕು, ಯಾವಾಗ ಎದ್ದು ಹೋಗಬಹುದು ಎಲ್ಲವನ್ನೂ ಬೇರೆಯವರೇ ಹೇಳುತ್ತಿದ್ದರು, ಬೆಳಗ್ಗೆ ಹೇಳಿದ್ದು ಸಂಜೆಗೆ ಬದಲಾಗುತ್ತಿತ್ತು, ಯಾಕೆ ಅಂತ ಕೇಳಿದರೆ "ಮೇಲಿನಿಂದ ಬಂದಿದೆ" ಅನ್ನುವ ಒಂದೇ ಉತ್ತರ. ಆರು ತಿಂಗಳಲ್ಲಿ ನಿದ್ದೆ ಕೆಟ್ಟಿತು. ಬಿಪಿ ಏರಿತು. ನಾನೇ ಗಟ್ಟಿ ಇಲ್ಲ ಅಂದುಕೊಂಡು ತುಂಬಾ ದಿನ ಒಳಗೊಳಗೇ ಕೊರಗಿದೆ.

ಆ ಕೊರಗು ಇಳಿದಿದ್ದು ವೈಟ್‌ಹಾಲ್ ಅಧ್ಯಯನಗಳ ಬಗ್ಗೆ ಓದಿದ ಮೇಲೆ. ಬ್ರಿಟನ್ನಿನ ಸರ್ಕಾರಿ ನೌಕರರ ಆರೋಗ್ಯವನ್ನು ವರ್ಷಗಟ್ಟಲೆ ಹಿಂಬಾಲಿಸಿದ ಕೆಲಸ ಅದು. ಮೊದಲನೆಯದು 1967ರಲ್ಲಿ ಶುರುವಾಯಿತು, ಅದರಲ್ಲಿ ಸುಮಾರು 18,000 ಗಂಡಸರಿದ್ದರು. ದೊಡ್ಡ ಹುದ್ದೆ, ದೊಡ್ಡ ಜವಾಬ್ದಾರಿ ಇದ್ದವರಿಗೇ ಹಾರ್ಟ್ ಅಟ್ಯಾಕ್ ಜಾಸ್ತಿ ಅಂತ ನಾವೆಲ್ಲ ಅಂದುಕೊಳ್ಳುತ್ತೇವೆ, ಅಲ್ವಾ? ಅಲ್ಲಿ ಕಂಡಿದ್ದು ಉಲ್ಟಾ. ತೀರಾ ಕೆಳಗಿನ ದರ್ಜೆಯವರು ಹೃದ್ರೋಗದಿಂದ ಸಾಯುವ ಪ್ರಮಾಣ ತೀರಾ ಮೇಲಿನವರಿಗಿಂತ ಮೂರು ಪಟ್ಟಿಗೂ ಹೆಚ್ಚಿತ್ತು. ಸಿಗರೇಟು, ಬಿಪಿ, ಕೊಲೆಸ್ಟ್ರಾಲ್ ಎಲ್ಲ ಲೆಕ್ಕ ಹಾಕಿದರೂ ಆ ಅಂತರ ಪೂರ್ತಿ ಮುಚ್ಚಲಿಲ್ಲ. 1985ರಲ್ಲಿ ಸಂಶೋಧಕ ಮೈಕಲ್ ಮಾರ್ಮಟ್ ಮತ್ತು ಅವರ ತಂಡ 10,308 ಗಂಡಸರು ಹೆಂಗಸರನ್ನು ಸೇರಿಸಿಕೊಂಡು ಎರಡನೇ ಅಧ್ಯಯನ ಶುರು ಮಾಡಿದರು, ಮುಂದೆ ಅದರಲ್ಲಿ ಉಳಿದ ಅಂತರಕ್ಕೆ ಒಂದು ಮುಖ್ಯ ಕಾರಣ ಕಂಡಿತು. ತನ್ನ ಕೆಲಸದ ಮೇಲೆ ತನಗೆ ಎಷ್ಟು ಹಿಡಿತ ಇದೆ ಅನ್ನೋದು.

ಇದನ್ನು ಅಮೆರಿಕದ ಸಂಶೋಧಕ ರಾಬರ್ಟ್ ಕರಾಸೆಕ್ 1979ರಲ್ಲೇ ಹೇಳಿದ್ದರು. ಒತ್ತಡ ಬರೀ ಕೆಲಸದ ಹೊರೆಯಿಂದ ಹುಟ್ಟುವುದಿಲ್ಲ, ಹೊರೆ ಜಾಸ್ತಿ ಇದ್ದು ತೀರ್ಮಾನ ಮಾಡುವ ಸ್ವಾತಂತ್ರ್ಯ ಕಡಿಮೆ ಇದ್ದಾಗ ಹುಟ್ಟುತ್ತದೆ ಅಂತ. ಹೊರೆ ಅಷ್ಟೇ ಇದ್ದು ಸ್ವಾತಂತ್ರ್ಯವೂ ಇದ್ದರೆ ಅದೇ ಕೆಲಸದಲ್ಲಿ ಮನುಷ್ಯ ಕಲಿಯುತ್ತಾನೆ, ಬೆಳೆಯುತ್ತಾನೆ. ನನ್ನ ಹತ್ತು ಗಂಟೆಯ ನಿದ್ದೆಗೂ ಎಂಟು ಗಂಟೆಯ ಬಿಪಿಗೂ ಇದ್ದ ವ್ಯತ್ಯಾಸ ಇದೇ ಇರಬೇಕು ಅನ್ನಿಸಿತು. ಜರ್ಮನಿಯಲ್ಲಿ ಕೆಲಸ ಮಾಡಿದ ಸಂಶೋಧಕ ಯೊಹಾನೆಸ್ ಸೀಗ್ರಿಸ್ಟ್ ಇನ್ನೊಂದು ಮಾತು ಸೇರಿಸಿದರು. ಹಾಕಿದ ಶ್ರಮಕ್ಕೆ ತಕ್ಕ ಪ್ರತಿಫಲ ಸಿಗದಿದ್ದರೂ ಮೈ ಹಾಳಾಗುತ್ತದೆ, ಪ್ರತಿಫಲ ಅಂದರೆ ಸಂಬಳ ಮಾತ್ರವಲ್ಲ, ಮರ್ಯಾದೆ ಮತ್ತು ಕೆಲಸ ಉಳಿಯುತ್ತದೆ ಅನ್ನುವ ಭರವಸೆ ಕೂಡ.

ಇಲ್ಲಿ ಉತ್ಪ್ರೇಕ್ಷೆ ಬೇಡ. 2012ರಲ್ಲಿ ಯುರೋಪಿನ ಹಲವು ಅಧ್ಯಯನಗಳ ಸುಮಾರು ಎರಡು ಲಕ್ಷ ಜನರ ಮಾಹಿತಿ ಒಟ್ಟುಗೂಡಿಸಿ ನೋಡಿದಾಗ, ಇಂಥ ಒತ್ತಡದ ಕೆಲಸದವರಿಗೆ ಹೃದ್ರೋಗದ ಅಪಾಯ ಶೇ. 23ರಷ್ಟು ಹೆಚ್ಚು ಅಂತ ತಿಳಿಯಿತು. ಸಿಗರೇಟಿನ ಅಪಾಯದ ಮುಂದೆ ಇದು ಚಿಕ್ಕದೇ. ಗಂಟೆಗಳ ಲೆಕ್ಕ ಮುಖ್ಯವಲ್ಲ ಅಂತಲೂ ಅಲ್ಲ. ವಾರಕ್ಕೆ 55 ಗಂಟೆ ಅಥವಾ ಅದಕ್ಕೂ ಹೆಚ್ಚು ದುಡಿಯುವವರಿಗೆ, 35ರಿಂದ 40 ಗಂಟೆ ದುಡಿಯುವವರಿಗಿಂತ ಪಾರ್ಶ್ವವಾಯುವಿನ ಅಪಾಯ ಶೇ. 35ರಷ್ಟು ಹೆಚ್ಚು ಅಂತ 2021ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ ಸೇರಿ ಹೇಳಿವೆ.

ನನಗೆ ಸಿಟ್ಟು ಬರುವುದು ಪರಿಹಾರದ ವಿಷಯದಲ್ಲಿ. ಇಷ್ಟೆಲ್ಲ ಗೊತ್ತಿದ್ದರೂ ಕಂಪನಿಗಳು ಕೆಲಸವನ್ನು ಮುಟ್ಟದೆ ಕೆಲಸಗಾರನನ್ನು ರಿಪೇರಿ ಮಾಡಲು ಹೊರಡುತ್ತವೆ. ಧ್ಯಾನದ ಆಪ್, ಹೆಜ್ಜೆ ಎಣಿಸುವ ಸ್ಪರ್ಧೆ, ಒತ್ತಡ ನಿಭಾಯಿಸುವ ಬಗ್ಗೆ ಒಂದು ಗಂಟೆ ಭಾಷಣ. ಅಮೆರಿಕದ ಒಂದು ದೊಡ್ಡ ಕಂಪನಿಯ ಸುಮಾರು 33,000 ನೌಕರರ ಮೇಲೆ ನಡೆದ ಪ್ರಯೋಗದ ಫಲಿತಾಂಶ 2019ರಲ್ಲಿ ಬಂತು. ಕೆಲವು ಶಾಖೆಗಳಿಗೆ ಮಾತ್ರ ಆರೋಗ್ಯ ಕಾರ್ಯಕ್ರಮ ಕೊಟ್ಟು ಉಳಿದವಕ್ಕೆ ಕೊಡದೆ ಹೋಲಿಸಿದ್ದರು. ವ್ಯಾಯಾಮ ಮಾಡುತ್ತೇವೆ ಅಂತ ಹೇಳಿದವರು ಹೆಚ್ಚಿದರು. ಆದರೆ 18 ತಿಂಗಳಾದ ಮೇಲೂ ಬಿಪಿ, ಕೊಲೆಸ್ಟ್ರಾಲ್, ರಜೆ ಹಾಕುವ ದಿನಗಳು, ವೈದ್ಯಕೀಯ ಖರ್ಚು, ಯಾವುದರಲ್ಲೂ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಧ್ಯಾನ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ, ನಾನೂ ಮಾಡುತ್ತೇನೆ. ಆದರೆ ಬೆಳಗ್ಗೆ ಇಪ್ಪತ್ತು ನಿಮಿಷ ಕಣ್ಣು ಮುಚ್ಚಿ ಕೂತು ಎದ್ದರೆ, ಸಂಜೆ ಐದಕ್ಕೆ ಬರುವ "ಇವತ್ತೇ ಬೇಕು" ಅನ್ನುವ ಮೆಸೇಜು ನಿಲ್ಲುವುದಿಲ್ಲ.

ಹೋದ ವರ್ಷ ನಮಗೆ ಹೊಸ ಮ್ಯಾನೇಜರ್ ಬಂದರು. ಅವರು ಮಾಡಿದ್ದು ಎರಡೇ ಕೆಲಸ. ವಾರದ ಕೆಲಸ ಏನೇನು ಅಂತ ಮುಂಚೆಯೇ ಹೇಳಿ, ಯಾವ ಕ್ರಮದಲ್ಲಿ ಮಾಡಬೇಕು ಅನ್ನೋದನ್ನು ನಮಗೇ ಬಿಟ್ಟರು. ಮಧ್ಯೆ ಏನಾದರೂ ಬದಲಾದರೆ ಯಾಕೆ ಅಂತ ಬಂದು ವಿವರಿಸುತ್ತಾರೆ. ಕೆಲಸ ಕಡಿಮೆಯಾಗಿಲ್ಲ, ಸ್ವಲ್ಪ ಜಾಸ್ತಿಯೇ ಆಗಿದೆ. ಬಿಪಿ ಮಾತ್ರೆ ಇನ್ನೂ ನಿಂತಿಲ್ಲ, ಆದರೆ ಭಾನುವಾರ ಸಂಜೆಯಾದರೆ ಹೊಟ್ಟೆಯಲ್ಲಿ ಶುರುವಾಗುತ್ತಿದ್ದ ಸಂಕಟ ಈಗ ಬರುವುದಿಲ್ಲ.