ಹೆಸರಿಲ್ಲದ ಹುಳದ ಚಿತ್ರ

ನಮ್ಮಣ್ಣನ ಮಗಳು ಸಗಣಿ ಹುಳದ ಮೇಲೆ ಪಿಎಚ್‌ಡಿ ಮಾಡುತ್ತಿದ್ದಾಳೆ ಅಂದರೆ ಧಾರವಾಡದ ನೆಂಟರು ಒಂದು ಗಳಿಗೆ ಸುಮ್ಮನಿದ್ದು ಮಾತು ಬದಲಿಸುತ್ತಾರೆ. ಪುಣೆಯಲ್ಲಿ ನಮ್ಮ ಮನೆಯಲ್ಲೇ ಇದ್ದು ಓದುವ ಹುಡುಗಿ. ನಾನು ನಿಗಡಿಯ ಶಾಲೆಯೊಂದರಲ್ಲಿ ಚಿತ್ರಕಲೆ ಕಲಿಸಿ ನಿವೃತ್ತಳಾದವಳು. ಕಳೆದ ಮಳೆಗಾಲದ ಒಂದು ಭಾನುವಾರ, "ಅತ್ತಿ, ನಿಮ್ಮ ಕೈ ಬೇಕಾಗೇತ್ರಿ" ಅಂತ ತನ್ನ ಲ್ಯಾಬಿಗೆ ಕರೆದುಕೊಂಡು ಹೋದಳು.

ಮೇಜಿನ ತುಂಬ ಮರದ ಪೆಟ್ಟಿಗೆಗಳು, ಮುಚ್ಚಳ ತೆಗೆದರೆ ನುಸಿಗುಳಿಗೆಯ ವಾಸನೆ. ಹುಳಗಳೆಲ್ಲ ಮುಳಶಿ ಕಡೆಯ ಗೋಮಾಳದವು. ನೆಲಕ್ಕೆ ಸಮನಾಗಿ ಡಬ್ಬಿ ಹುಗಿದು, ಮೇಲೆ ಬಟ್ಟೆಯಲ್ಲಿ ಸಗಣಿ ಕಟ್ಟಿ ತೂಗಿಬಿಟ್ಟರೆ ವಾಸನೆಗೆ ಬಂದವು ಒಳಗೆ ಬೀಳುತ್ತವಂತೆ. ದೊಡ್ಡ ಹುಳಕ್ಕೆ ಸೂಜಿ ಚುಚ್ಚುವುದು ಬಲಗಡೆಯ ಗಟ್ಟಿ ರೆಕ್ಕೆಗೆ. ಎಡಭಾಗ ಊನವಾಗದೆ ಉಳಿಯಲಿ ಅಂತ. ಸಣ್ಣವನ್ನು ಚೂಪಾಗಿ ಕತ್ತರಿಸಿದ ಕಾರ್ಡಿನ ತುದಿಗೆ ಅಂಟಿಸುತ್ತಾರೆ. ಕೆಳಗೊಂದು ಚೀಟಿ: ಊರು, ತಾರೀಖು, ಹಿಡಿದವರ ಹೆಸರು. ಚೀಟಿ ಕಳೆದರೆ ಹುಳ ಬರೀ ಕಸ ಅನ್ನುತ್ತಾಳೆ ಇವಳು.

ನನ್ನ ಪಾಲಿಗೆ ಬಂದದ್ದು 6 ಮಿಲಿಮೀಟರಿನ ಕಪ್ಪು ಗಂಡು, ತಲೆಯ ಮೇಲೆ ಬಾಗಿದ ಜೋಡಿ ಕೊಂಬು. ಆಂಥೊಫೇಗಸ್ ಅನ್ನುವ ಕುಲದ್ದು, ಕುಲವೆಂದರೆ ಹತ್ತಿರದ ಪ್ರಭೇದಗಳ ಗುಂಪು. ಆ ಒಂದು ಕುಲದಲ್ಲೇ 2,000ಕ್ಕೂ ಹೆಚ್ಚು ಪ್ರಭೇದಗಳಿವೆ. ಸೂಕ್ಷ್ಮದರ್ಶಕಕ್ಕೆ ಕ್ಯಾಮೆರಾ ಲುಸಿಡಾ ಜೋಡಿಸಿದ್ದಳು. ಅದರಲ್ಲಿ ಕಣ್ಣಿಟ್ಟರೆ ಹುಳವೂ ನನ್ನ ಪೆನ್ಸಿಲಿನ ಮೊನೆಯೂ ಒಂದರ ಮೇಲೊಂದು ಕಾಣುತ್ತವೆ, ಗೆರೆಯ ಮೇಲೆ ಗೆರೆ ಎಳೆದುಕೊಂಡು ಹೋಗುವುದು. ಸುಲಭ ಅನ್ನಿಸಿದ್ದು ಮೊದಲ ಕಾಲು ಮುಗಿಯುವವರೆಗೆ.

"ಚಂದ ಮಾಡಾಕ ಹೋಗಬ್ಯಾಡ್ರಿ ಅತ್ತಿ. ಮುಂಗಾಲಿಗೆ ನಾಕ ಹಲ್ಲ ಅದಾವ, ನಡುವಿನ ಸಂದು ಇದ್ದಷ್ಟ ಇರಲಿ."

ಕೊಂಬಿಗೆ ನಾನು ಒಳ್ಳೆ ನೆರಳು ಕೊಡಬೇಕೆಂದಿದ್ದೆ. ಪ್ರಭೇದದ ಗುರುತಾಗಿ ಅವಳಿಗೆ ಅದರ ಮೇಲೆ ಅಷ್ಟು ನಂಬಿಕೆಯಿಲ್ಲ. ಮರಿಯಾಗಿದ್ದಾಗ ಹೊಟ್ಟೆ ತುಂಬ ಸಗಣಿ ಸಿಕ್ಕ ಗಂಡಿಗೆ ಉದ್ದ ಕೊಂಬು, ಸಿಗದಿದ್ದಕ್ಕೆ ಮೊಂಡು; ಹೆಣ್ಣಿಗೆ ಸಾಮಾನ್ಯವಾಗಿ ಕೊಂಬೇ ಇಲ್ಲ. ಹಿಂದಿನವರು ಒಂದೇ ಪ್ರಭೇದದ ಗಂಡಿಗೊಂದು, ಹೆಣ್ಣಿಗೊಂದು ಹೆಸರಿಟ್ಟದ್ದೂ ಉಂಟು. ನಿಜವಾದ ಗುರುತು ಗಂಡಿನ ಜನನಾಂಗದ ಆಕಾರ. ಒಣಗಿದ ಹುಳವನ್ನು ಬಿಸಿನೀರಿನಲ್ಲಿ ನೆನೆಸಿ, ಕೊಕ್ಕೆ ಸೂಜಿಯಿಂದ ಅದನ್ನು ಹೊರಗೆಳೆದು, ಕ್ಷಾರದಲ್ಲಿ ತಿಳಿಗೊಳಿಸಿ, ಗ್ಲಿಸರಿನ್ ಹಾಕಿದ ಪುಟ್ಟ ಶೀಶೆಯಲ್ಲಿಟ್ಟಿದ್ದಳು. ಮೂವತ್ತು ವರ್ಷ ಮಕ್ಕಳಿಗೆ ಹೂದಾನಿ ಬರೆಸಿದ ನಾನು ಮಧ್ಯಾಹ್ನವೆಲ್ಲ ಕೂತು ಅದನ್ನು ಎದುರಿನಿಂದ, ಪಕ್ಕದಿಂದ, ಮೇಲಿನಿಂದ ಬರೆದೆ. ಯಜಮಾನರು ಫೋನ್ ಮಾಡಿ "ಏನ್ ಬರೀಲಿಕತ್ತಿ?" ಅಂದಾಗ "ಹುಳದ ಕಾಲು" ಅಂದುಬಿಟ್ಟೆ. ಹುಡುಗಿ ಬಿದ್ದು ಬಿದ್ದು ನಕ್ಕಳು.

ಹೊಸ ಪ್ರಭೇದ ಕಾಡಿನಲ್ಲಿ ಸಿಗುತ್ತದೆ ಅಂದುಕೊಂಡಿದ್ದೆ. ಆ ದಿನ ನೋಡಿದ್ದು ಬೇರೆ. ಸಿಗುವುದು ಮೇಜಿನ ಮೇಲೆ, ಅದೂ ಹಳೆಯ ಕಾಗದ ತಿರುವಿ ತಿರುವಿ. ಪ್ರಾಣಿಗಳ ವೈಜ್ಞಾನಿಕ ಹೆಸರಿನ ಲೆಕ್ಕ ಶುರುವಾಗುವುದು ಸ್ವೀಡನ್ನಿನ ವಿಜ್ಞಾನಿ ಲಿನೇಯಸ್‌ನ 1758ರ ಪುಸ್ತಕದಿಂದ. ಅಂದಿನಿಂದ ಯಾರೇ ಮೊದಲು ಹೆಸರಿಟ್ಟಿರಲಿ, ಹಕ್ಕು ಅವರದು. ಅವನ ಶಿಷ್ಯ ಫ್ಯಾಬ್ರಿಷಿಯಸ್ ತಮಿಳುನಾಡಿನ ತರಂಗಂಬಾಡಿಯಲ್ಲಿದ್ದ ಡೇನಿಷರ ಕಡೆಯಿಂದ ಹೋದ ಹುಳಗಳಿಗೂ ಹೆಸರಿಟ್ಟ, ವಿವರಣೆ ಲ್ಯಾಟಿನ್‌ನಲ್ಲಿ ಒಂದೆರಡು ಸಾಲು. ಭಾರತದ ಸಗಣಿ ಹುಳಗಳ ಬಗ್ಗೆ ಆ್ಯರೋ ಅನ್ನುವ ಕೀಟತಜ್ಞ ಬರೆದ 1931ರ ಸಂಪುಟ ಇವಳ ಮೇಜಿನ ಮೇಲೆ ಹಾಳೆ ಬಿಟ್ಟುಕೊಂಡು ಬಿದ್ದಿತ್ತು. ಆದರೂ ಅನುಮಾನ ಬಂದರೆ ಪುಸ್ತಕ ಸಾಲದು, ಹೆಸರಿಡುವಾಗ ಆಧಾರವಾಗಿದ್ದ ಆ ಮೂಲ ಹುಳವನ್ನೇ ನೋಡಬೇಕು. ಅಂಥವು ಎಷ್ಟೋ ಲಂಡನ್ನಿನ ಮ್ಯೂಸಿಯಮ್ಮಿನಲ್ಲಿವೆ. ನಮ್ಮ ಗೋಮಾಳದ ಹುಳದ ಸಾಕ್ಷಿ ಅಲ್ಲಿ ಕೂತಿರುವುದು ನನಗಂತೂ ಸರಿ ಕಾಣಲಿಲ್ಲ. ಈಗ ಹಾಗಿಲ್ಲವಂತೆ, 2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ಇಲ್ಲಿ ಸಿಕ್ಕ ಹೊಸ ಜೀವಿಯ ಮಾದರಿಯನ್ನು ಸರ್ಕಾರ ಗೊತ್ತುಪಡಿಸಿದ ಭಂಡಾರಕ್ಕೇ ಒಪ್ಪಿಸಬೇಕು. ಭಾರತೀಯ ಪ್ರಾಣಿ ಸರ್ವೇಕ್ಷಣಾಲಯ ಅಂಥದೊಂದು, ಅದರ ಪಶ್ಚಿಮ ಕೇಂದ್ರ ನಮ್ಮ ಮನೆಗೆ ಹತ್ತಿರದ ಆಕುರ್ಡಿಯಲ್ಲೇ ಇದೆ.

ಇನ್ನೊಂದು ಪೆಟ್ಟಿಗೆಯಲ್ಲಿ ಒಂಟಿ ಹುಳ. ಅದು ಹೊಸ ಕುಲವೇ ಇರಬಹುದೆಂದು ಅವಳ ಗೈಡ್ ಅವರ ಅನುಮಾನ. "ಮತ್ಯಾಕ ತಡ?" ಅಂದೆ.

"ಪ್ರಭೇದಕ್ಕ ಗುರುತು ತೋರಿಸಬಹುದು ಅತ್ತಿ. ಕುಲಕ್ಕ ವಾದಾನ ಮಾಡಬೇಕ್ರಿ."

ಅಣ್ಣತಮ್ಮಂದಿರ ಹಿಸ್ಸೆಯ ಹಾಗೆ ಅದು. ಒಬ್ಬ ಬೇರೆಯಾದರೆ ಸಾಲದು, ಉಳಿದವರು ಒಂದೇ ಮೂಲದವರೇ ಅನ್ನುವುದೂ ಇತ್ಯರ್ಥವಾಗಬೇಕು. ಅದಕ್ಕೆ ಅಕ್ಕಪಕ್ಕದ ಕುಲಗಳನ್ನೆಲ್ಲ ಮತ್ತೆ ಬಿಚ್ಚಿ ಹೋಲಿಸಬೇಕು, ಆಗುವುದಾದರೆ ಡಿಎನ್ಎ ಕೂಡ. ಒಂದೇ ಹುಳ ಇಟ್ಟುಕೊಂಡು ಅವಸರ ಮಾಡಲು ಅವಳು ತಯಾರಿಲ್ಲ. ಆ ಹಟ ನನಗೆ ಹಿಡಿಸಿತು.

ನನ್ನ ಕೊಂಬಿನ ಹುಳಕ್ಕೆ ಸದ್ಯ "ಆಂಥೊಫೇಗಸ್ ಎಸ್‌ಪಿ. 4" ಅಂತ ಚೀಟಿ, ಅಂದರೆ ಆ ಕುಲದ ಇನ್ನೂ ಹೆಸರು ಗೊತ್ತಾಗದ ನಾಲ್ಕನೆಯ ಪ್ರಭೇದ. ಹೋಲಿಸಿ ನೋಡಲು ಲಂಡನ್ನಿನಿಂದ ಮೂಲ ಹುಳದ ಫೋಟೋ ಬರಬೇಕು. ಹೊಸದೇ ಆದರೆ ಹುಳ ಸಿಕ್ಕ ಹಳ್ಳಿಯ ಹೆಸರಿಡುವ ಯೋಚನೆ ಅವಳದು. ನನ್ನ ಹೆಸರು ಸೂಚಿಸಿ ನೋಡಿದೆ, ಕೇಳಿಸದವಳ ಹಾಗೆ ಶೀಶೆಗೆ ಬಿರಡೆ ಹಾಕಿದಳು. ಹೆಣ್ಣಿನ ಚಿತ್ರ ಇನ್ನೂ ಬಾಕಿಯಿದೆ. ಕೊಂಬಿಲ್ಲ, ಲಗೂ ಮುಗೀತೈತಿ ಅನ್ನುತ್ತಾಳೆ. ಮುಂಗಾಲಿನ ಹಲ್ಲು ಬರೆದವಳು ನಾನು, ನಂಬುವುದಿಲ್ಲ.