ಕೋಚ್ ಆರಿಸಿದ ಭಾನುವಾರ

ಹಿಂದಿನ ರಾತ್ರಿ ಮಳೆ ಸುರಿದು ಟಿಳಕವಾಡಿಯ ಮೈದಾನದಲ್ಲಿ ಒಂದು ಬದಿಯ ಗೋಲ್ ಮುಂದೆ ಕೆಂಪು ಕೆಸರು ನಿಂತಿತ್ತು. ಅದು ಒಳ್ಳೆಯದೇ ಆಯಿತು. ಬೆಳಗಾವಿಯಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ತಂಡ ಆಡಿಸುವವರಿಗೆ, ಹತ್ತು ಮೀಟರ್ ಹೋಗಬೇಕಾದ ಪಾಸ್ ಆರೇ ಮೀಟರಿಗೆ ನಿಲ್ಲುವುದು ಗೊತ್ತಿರಬೇಕು. ನಮ್ಮ ಫುಟ್‌ಬಾಲ್ ಕ್ಲಬ್ಬಿನ ಮುಂದಿನ ಕೋಚ್ ಹುದ್ದೆಗೆ ಕೊನೆಗೆ ಉಳಿದವರು ಮೂವರು. ಪ್ರತಿಯೊಬ್ಬರಿಗೂ 45 ನಿಮಿಷ, 14 ಆಟಗಾರರು, ಇಬ್ಬರು ಗೋಲ್‌ಕೀಪರ್‌ಗಳು, 12 ಚೆಂಡು, ಗುರುತಿಗೆ ಇಡಲು ಬೇಕಾದಷ್ಟು ಕೋನ್.

ಎಲ್ಲರಿಗೂ ಸಮಸ್ಯೆ ಒಂದೇ. ತಂಡ ಮಧ್ಯದಲ್ಲಿ ಚೆಂಡು ಕಳೆದುಕೊಂಡ ಕೂಡಲೇ ಎದುರಾಳಿ ನೇರ ಓಡಿಬಂದು ಗೋಲ್ ಹೊಡೆಯುತ್ತಾನೆ. ಟೆರೇಸ್ ಮೇಲಿಂದ ಮೊಬೈಲ್‌ನಲ್ಲಿ ತೆಗೆದ ಹಳೆ ಪಂದ್ಯದ ವಿಡಿಯೊ ಮೂರು ದಿನ ಮೊದಲೇ ಕಳಿಸಿದ್ದೆವು. ಎತ್ತರದಿಂದ ತೆಗೆದದ್ದೇ ಬೇಕು. ಗೆರೆಯ ಪಕ್ಕ ನಿಂತು ತೆಗೆದರೆ ಚೆಂಡಿನ ಸುತ್ತಲಿನ ನಾಲ್ವರು ಕಾಣುತ್ತಾರೆ, ಡಿಫೆನ್ಸ್ ಮತ್ತು ಮಿಡ್‌ಫೀಲ್ಡ್ ನಡುವಿನ ಖಾಲಿ ಜಾಗ ಕಾಣುವುದಿಲ್ಲ.

ಕಾಗದಪತ್ರ ನೋಡುವ ಕೆಲಸ ಅಷ್ಟರಲ್ಲಿ ಮುಗಿದಿತ್ತು. ಕೋಚಿಂಗ್ ಲೈಸೆನ್ಸ್‌ನಲ್ಲಿ ಡಿ ಆದಮೇಲೆ ಸಿ, ಬಿ, ಎ, ಕೊನೆಗೆ ಪ್ರೊ. ಊರ ಕ್ಲಬ್ಬಿಗೆ ಸಿ ಇದ್ದರೆ ಧಾರಾಳ ಸಾಕು. ಗೆದ್ದ ಕಪ್‌ಗಳ ಪಟ್ಟಿಯನ್ನು ಮಾತ್ರ ಬಿಡಿಸಿ ನೋಡಬೇಕಾಗುತ್ತದೆ: ಬಂದಾಗ ತಂಡ ಹೇಗಿತ್ತು, ಹೋಗುವಾಗ ಹೇಗಿತ್ತು, ಕಿರಿಯರ ತಂಡದಿಂದ ಎಷ್ಟು ಹುಡುಗರು ಮೇಲೆ ಬಂದರು. ವಿಚಾರಿಸಲು ಹಳೆ ಕ್ಲಬ್ಬಿನ ಕಾರ್ಯದರ್ಶಿಗೆ ಫೋನ್ ಮಾಡಿದರೆ ಎಲ್ಲರೂ ಒಳ್ಳೆಯವರೇ. ಅಲ್ಲಿ ವರ್ಷವಿಡೀ ಬೆಂಚಿನ ಮೇಲೆ ಕೂತ ಎರಡನೇ ಗೋಲ್‌ಕೀಪರ್‌ಗೆ ಮಾಡಬೇಕು. ಆಡಿಸದ ಹುಡುಗನ ಹತ್ತಿರ ಕೋಚ್ ಹೇಗೆ ಮಾತಾಡುತ್ತಿದ್ದರು ಅನ್ನುವುದು ಅವನಿಗೇ ಗೊತ್ತು.

ಮೊದಲನೆಯವರು ಚೋರ್ಲಾ ಘಾಟ್ ಹತ್ತಿ ಗೋವಾ ಕಡೆಯಿಂದ ಬಂದಿದ್ದರು. ಕೋನ್‌ಗಳ ಸಾಲು ನೋಡಲಿಕ್ಕೆ ಬಲು ಚಂದ. ಆದರೆ ಇಬ್ಬರು ಆಡುವಾಗ ಹನ್ನೆರಡು ಜನ ಸರದಿಯಲ್ಲಿ ನಿಂತಿದ್ದರು. ಪ್ರತಿ ಎರಡು ನಿಮಿಷಕ್ಕೆ ಸೀಟಿ, ನಂತರ ಉದ್ದನೆಯ ವಿವರಣೆ. ನಮ್ಮವರೊಬ್ಬರು ಸ್ಟಾಪ್‌ವಾಚ್ ಹಿಡಿದು ಚೆಂಡು ಉರುಳುತ್ತಿದ್ದ ಹೊತ್ತನ್ನಷ್ಟೇ ಲೆಕ್ಕ ಹಾಕುತ್ತಿದ್ದರು. 45ರಲ್ಲಿ 17 ನಿಮಿಷ ಬಂತು. ಸರದಿಯಲ್ಲಿ ನಿಂತು ಕಲಿತದ್ದು ಪಂದ್ಯದಲ್ಲಿ ಕೈಗೆ ಬರುವುದಿಲ್ಲ, ಯಾಕೆಂದರೆ ಸರದಿಯಲ್ಲಿ ಎದುರಾಳಿಯೇ ಇರುವುದಿಲ್ಲ.

ಎರಡನೆಯವರು ಸೈನ್ಯದ ತಂಡದಲ್ಲಿ ಆಡಿ ನಿವೃತ್ತರಾದವರು. ಗೋಲ್‌ಕೀಪರ್‌ಗಳನ್ನು ಬದಿಗೆ ಕಳಿಸಿ, 40 ಹೆಜ್ಜೆಗೆ 40 ಹೆಜ್ಜೆ ಅಳೆದು ಏಳಕ್ಕೆ ಏಳು ಆಡಿಸಿದರು. ಚೆಂಡು ಕಳೆದುಕೊಂಡ ಕಡೆಯವರು ಐದು ಸೆಕೆಂಡಿನೊಳಗೆ ಕಸಿದುಕೊಂಡರೆ ಒಂದು ಅಂಕ. ಒಂದೂ ಬರಲಿಲ್ಲ. ಹುಡುಗರು ಓಡುತ್ತಿದ್ದರು, ಆದರೆ ಮುಟ್ಟುವಷ್ಟರಲ್ಲಿ ಚೆಂಡು ದಾಟಿಹೋಗುತ್ತಿತ್ತು. ನಾಲ್ಕನೇ ನಿಮಿಷಕ್ಕೆ ಅವರು ಯಾರನ್ನೂ ಬೈಯದೆ, ಆಟವನ್ನೂ ನಿಲ್ಲಿಸದೆ, ನಾಲ್ಕೂ ಬದಿಯ ಕೋನ್‌ಗಳನ್ನು ಐದೈದು ಹೆಜ್ಜೆ ಒಳಕ್ಕೆ ಎಳೆದಿಟ್ಟರು. 30ಕ್ಕೆ 30 ಆಗುತ್ತಲೇ ಅಂಕ ಬರತೊಡಗಿತು. “ಏ ತಮ್ಮಾ, ಚೆಂಡು ಹೋತಂದ್ರ ಮದಲ ಮೂರು ಹೆಜ್ಜಿ ಮುಂದ ಇಡು. ಹಿಂದ ಓಡೂದು ಆಮ್ಯಾಲೆ,” ಅಂದದ್ದು ಒಂದೇ ಸಲ. ತನ್ನ ಅಳತೆ ತಪ್ಪಿದ್ದನ್ನು ಹುಡುಗರ ತಲೆಗೆ ಕಟ್ಟದೆ ಕೋನ್ ಸರಿಸಿದ ಆ ಗಳಿಗೆ, ನನ್ನ ಮಟ್ಟಿಗೆ, ಇಡೀ ದಿನದಲ್ಲಿ ದೊಡ್ಡದು.

ಎಲ್ಲರಿಗೂ 25ನೇ ನಿಮಿಷಕ್ಕೆ ಮುನ್ಸೂಚನೆಯಿಲ್ಲದೆ ಒಬ್ಬ ಆಟಗಾರನನ್ನು ಹೊರಗೆ ಕರೆದೆವು. ನಿಜವಾದ ಟ್ರೈನಿಂಗ್‌ನಲ್ಲಿ ಹೀಗೆ ಆಗಿಯೇ ಆಗುತ್ತದೆ. ಒಬ್ಬನಿಗೆ ಶಿಫ್ಟ್ ಬರುತ್ತದೆ, ಇನ್ನೊಬ್ಬನ ಕಾಲು ಹಿಡಿಯುತ್ತದೆ. ಗೋವಾದವರು ಹೊಸ ಡ್ರಿಲ್ ಹಾಕಲು ಆರು ನಿಮಿಷ ತೆಗೆದುಕೊಂಡರು. ಸೈನ್ಯದವರು ಏಳು ಜನರಿದ್ದ ಕಡೆಯಿಂದ ಒಬ್ಬನಿಗೆ ಬೇರೆ ಬಣ್ಣದ ಬಿಬ್ (ಅಂಗಿಯ ಮೇಲೆ ಹಾಕುವ ತೋಳಿಲ್ಲದ ಬನಿಯನ್) ತೊಡಿಸಿ, ಚೆಂಡು ಯಾರ ಕಾಲಲ್ಲಿದೆಯೋ ಅವರ ಕಡೆ ನೀನು ಅಂದುಬಿಟ್ಟರು. ಸೈಯದ್ ಅಬ್ದುಲ್ ರಹೀಂ ನೆನಪಾದರು. ಭಾರತ ತಂಡದ ಕೋಚ್ ಆಗಿದ್ದ ಹೈದರಾಬಾದಿನ ಆ ಶಾಲಾ ಮಾಸ್ತರರು 1962ರ ಏಷ್ಯನ್ ಗೇಮ್ಸ್ ಫೈನಲ್‌ನಲ್ಲಿ, ತಲೆಗೆ ಗಾಯವಾಗಿದ್ದ ಡಿಫೆಂಡರ್ ಜರ್ನೈಲ್ ಸಿಂಗ್ ಅವರನ್ನು ಮುಂದಿನ ಸಾಲಿನಲ್ಲಿ ಆಡಿಸಿದರು. ಜರ್ನೈಲ್ ಗೋಲ್ ಹೊಡೆದರು, ದಕ್ಷಿಣ ಕೊರಿಯಾದ ಮೇಲೆ ಭಾರತ 2-1ರಿಂದ ಗೆದ್ದಿತು.

ಮೂರನೆಯವರು ನಮ್ಮದೇ ಕಿರಿಯರ ಕೋಚ್. ಹುಡುಗರಲ್ಲಿ ಅತಿ ಹೆಚ್ಚು ಹುರುಪು ಕಂಡದ್ದು ಇವರ ಹೊತ್ತಿನಲ್ಲೇ. ಕನ್ನಡ, ಮರಾಠಿ, ಉರ್ದು ಮೂರರಲ್ಲೂ ಯಾರಿಗೆ ಯಾವುದು ಬೇಕೋ ಅದರಲ್ಲಿ ಮಾತು. ಆದರೆ ಹಿರಿಯ ಆಟಗಾರನೊಬ್ಬ ಮೂರು ಸಲ ಚೆಂಡು ಕಳೆದು ಅಲ್ಲೇ ಸೊಂಟದ ಮೇಲೆ ಕೈಯಿಟ್ಟು ನಿಂತ. ಕೋಚ್ ಕಂಡರೂ ಸುಮ್ಮನಾದರು. ಜೊತೆಗೆ ಆಡಿ ಬೆಳೆದವನಿಗೆ ಹೇಳುವುದು ಕಷ್ಟ, ಅದು ಅರ್ಥವಾಗುತ್ತದೆ.

ಆಮೇಲೆ ಚಹಾ ಕುಡಿಯುತ್ತ ಅವರ ಪರವಾಗಿಯೇ ಜೋರಾದ ವಾದ ನಡೆಯಿತು. “ಬೆಂಗಳೂರು ಎಫ್‌ಸಿ ನೋಡ್ರಿ, ಆಲ್ಬರ್ಟ್ ರೋಕಾ ಹೋದ ಮ್ಯಾಲೆ ಅವರ ಅಸಿಸ್ಟಂಟ್ ಕಾರ್ಲೆಸ್ ಕುವಾಡ್ರಾಟ್‌ಗೇ ಕೊಟ್ರು, 2018-19ರಾಗ ಇಂಡಿಯನ್ ಸೂಪರ್ ಲೀಗ್ ಗೆದ್ರಲ್ಲ?” ಮಾತು ಖರೆ. ಆದರೆ ಅಲ್ಲಿ ನಾಯಕ ಸುನಿಲ್ ಛೆಟ್ರಿ, ಗೋಲ್‌ಕೀಪರ್ ಗುರುಪ್ರೀತ್ ಸಿಂಗ್ ಸಂಧು ಇದ್ದರು, ತಂಡದ ಬೆನ್ನೆಲುಬು ಹಾಗೇ ಉಳಿದಿತ್ತು. ನಡೆಯುತ್ತಿರುವ ಗಾಡಿಗೆ ಒಳಗಿನವರು ಸರಿ. ನಮ್ಮಲ್ಲಿ ಡಿಗ್ರಿ ಮುಗಿಸಿ, ಕೆಲಸ ಹಿಡಿದು, ಒಂದೇ ವರ್ಷದಲ್ಲಿ ಆರು ಮಂದಿ ಹೋಗಿದ್ದಾರೆ. ಮುಂದುವರಿಸಲಿಕ್ಕೆ ಹಳೆಯದು ಏನು ಉಳಿದಿದೆ?

ಸೈನ್ಯದವರ ಕೊರತೆಯನ್ನೂ ಬರೆದುಕೊಂಡೆವು. ಇಬ್ಬರು ಗೋಲ್‌ಕೀಪರ್‌ಗಳು ಅರ್ಧ ತಾಸು ಬರೀ ಒಬ್ಬರಿಗೊಬ್ಬರು ಚೆಂಡು ಎಸೆದುಕೊಂಡು ನಿಂತಿದ್ದರು. 70ನೇ ನಿಮಿಷಕ್ಕೆ ಒಂದು ಗೋಲ್ ಹಿಂದಿದ್ದರೆ ಯಾರನ್ನು ಇಳಿಸುತ್ತೀರಿ ಎಂಬ ಪ್ರಶ್ನೆಗೆ ಗಟ್ಟಿ ಉತ್ತರ ಸಿಗಲಿಲ್ಲ. ಆದರೂ ಹುದ್ದೆ ಅವರಿಗೇ. ಕಿರಿಯರ ಕೋಚ್ ಅಸಿಸ್ಟಂಟ್ ಆದರು, ಬೆಂಚಿನ ಲೆಕ್ಕ ಅವರ ಕೈಗೆ.

ಕರಾರು ಒಂದೇ ಹಾಳೆಯದು. ವಾರಕ್ಕೆ ನಾಲ್ಕು ಸಂಜೆ, ಒಂದೂವರೆ ತಾಸು. ಹನ್ನೊಂದು ಜನರ ಹೆಸರು ಬರೆಯುವವರು ಕೋಚ್ ಮಾತ್ರ. ಕಮಿಟಿಯವರು ಏನಿದ್ದರೂ ಸೋಮವಾರ ಕೇಳಬೇಕು, ಪಂದ್ಯದ ದಿನವಲ್ಲ. ಹತ್ತು ಪಂದ್ಯಗಳ ನಂತರ ನೋಡುವುದು ಎರಡೇ: ಚೆಂಡು ಕಳೆದ ಹತ್ತು ಸೆಕೆಂಡಿನೊಳಗೆ ಬಿದ್ದ ಗೋಲ್ ಎಷ್ಟು, 18ರೊಳಗಿನ ಎಷ್ಟು ಹುಡುಗರು ಅರ್ಧ ತಾಸಿಗಿಂತ ಹೆಚ್ಚು ಆಡಿದರು. ಗೆಲುವಿನ ಲೆಕ್ಕವನ್ನು ಅಷ್ಟು ಬೇಗ ಇಟ್ಟರೆ ಕೋಚ್ ಹೆದರಿ ಹಳಬರನ್ನೇ ಇಳಿಸುತ್ತಾರೆ.

ಸಹಿ ಹಾಕಿದ ಮೇಲೆ ಅವರು ಕೇಳಿದ್ದು ನಾಲ್ಕು ಚಿಕ್ಕ ಗೋಲ್‌ಪೋಸ್ಟ್, ನಾಲ್ಕಡಿ ಅಗಲ, ಮೂರಡಿ ಎತ್ತರ, ಒಂದಿಂಚಿನ ಪೈಪಿನವು. ಉದ್ಯಮಬಾಗದ ವೆಲ್ಡಿಂಗ್ ಶಾಪಿಗೆ ಮರುದಿನವೇ ಅಳತೆ ಕೊಟ್ಟುಬಂದೆವು.